ಹೊಲದ ಚಿಂತೆ ಮಸೀದಿಯ ಮೆಟ್ಟಿಲಿಗೆ ಬಂದಾಗ

ಕಳೆದ ತಿಂಗಳ ಎರಡು ಜುಮಾಗಳಲ್ಲಿ ನಾವು ರೈತರ ಮನಸ್ಸಿನ ಸಂಕಟದ ಬಗ್ಗೆ ಮಾತನಾಡಿದ್ದೆವು. ಖುತ್ಬಾಕ್ಕೆ ಸಿಗುವುದು ಇಪ್ಪತ್ತು ನಿಮಿಷ. ನಮಾಝ್ ಮುಗಿದ ಮೇಲೆ ಕೆಲವರು ನಮ್ಮನ್ನು ತಡೆದು ನಿಲ್ಲಿಸಿ, ಸಾಲದ ವಿಚಾರ, ಆಸ್ಪತ್ರೆಯ ವಿಚಾರ, ಫೋನ್ ನಂಬರು ಎಲ್ಲವನ್ನೂ ಬರೆದು ಕೊಡಿ, ಮನೆಯಲ್ಲಿ ಹೆಂಗಸರೂ ಓದಲಿ ಎಂದರು. ಹಾಗಾಗಿ ಈ ಸಲ ಖುತ್ಬಾದ ಸಾರಾಂಶಕ್ಕಿಂತ ಸ್ವಲ್ಪ ಹೆಚ್ಚೇ ಬರೆಯುತ್ತಿದ್ದೇವೆ.

ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇವೆ. 2023ರ ಬರ ನಿಮಗೆಲ್ಲ ನೆನಪಿದೆ. ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕುಗಳನ್ನು ಸರಕಾರ ಬರಪೀಡಿತ ಎಂದು ಸಾರಿದ ವರ್ಷ ಅದು. ಆ ವರ್ಷ ನಮ್ಮ ಜಮಾಅತ್‌ನ ಒಬ್ಬರು ನಾಲ್ಕು ಎಕರೆ ಲಾವಣಿ ಹಾಕಿಕೊಂಡು ಹತ್ತಿ ಮತ್ತು ಗೋವಿನಜೋಳ ಹಾಕಿದ್ದರು. ಒಂದು ಇಶಾ ನಮಾಝಿನ ನಂತರ ಎಲ್ಲರೂ ಹೋಗುವವರೆಗೆ ಕಂಬಕ್ಕೆ ಒರಗಿ ಕೂತಿದ್ದು, ಆಮೇಲೆ ಹತ್ತಿರ ಬಂದರು. "ಹಝ್ರತ್, ಹದಿನೈದ್ ದಿನ ಆತ್ರಿ, ರಾತ್ರಿ ನಿದ್ದೀನ ಬರವಲ್ದು. ಏನಾರ ಓದಿ ಊದ್ರಿ" ಎಂದರು. ನಾವು ಓದಿ ನೀರಿಗೆ ಊದಿ ಕೊಟ್ಟೆವು. ಸಬ್ರ್ ಮಾಡಿ, ಫಜ್ರ್ ತಪ್ಪಿಸಬೇಡಿ, ಅಲ್ಲಾಹನು ದಾರಿ ತೋರುತ್ತಾನೆ ಎಂದೆವು. ಅವರು ತಲೆಯಾಡಿಸಿ ಬಾಟಲಿ ಹಿಡಿದುಕೊಂಡು ಹೋದರು. ಎಲ್ಲ ಸೇರಿ ಮೂರು ನಿಮಿಷ ಆಗಿರಬಹುದು. ಒಂಬತ್ತು ದಿನದ ಮೇಲೆ ಅವರ ಸಾವಿನ ಸುದ್ದಿಯನ್ನು ಮಸೀದಿಯ ಮೈಕಿನಲ್ಲಿ ನಾವೇ ಹೇಳಬೇಕಾಯಿತು.

ಓದಿ ಊದಿದ್ದು ತಪ್ಪಲ್ಲ, ದುಆ ಎಂದೂ ತಪ್ಪಲ್ಲ. ಅಷ್ಟಕ್ಕೇ ನಿಲ್ಲಿಸಿದ್ದು ತಪ್ಪು. ಯಾಕೆ ನಿದ್ದೆ ಬರುತ್ತಿಲ್ಲ ಎಂದು ಒಂದು ಮಾತು ಕೇಳಲಿಲ್ಲ. ಊಟ ಸೇರುತ್ತಿದೆಯೇ, ಹೊಲಕ್ಕೆ ಹೋಗುತ್ತಿದ್ದೀರಾ, ಯಾರ ಸಾಲ ಇದೆ ಎಂದು ಕೇಳಲಿಲ್ಲ. ಹದಿನೈದು ದಿನ ನಿದ್ದೆ ಇಲ್ಲದ ಮನುಷ್ಯ ರಾತ್ರಿ ಮಸೀದಿಯಲ್ಲಿ ಒಂಟಿಯಾಗಿ ಕಾದು ಕೂತಿದ್ದಾನೆ ಎಂದರೆ ಅವನು ನೀರಿಗಾಗಿ ಮಾತ್ರ ಬಂದಿಲ್ಲ ಎಂಬುದು ಈಗ ನಮಗೆ ತಿಳಿಯುತ್ತದೆ. ಆಗ ತಿಳಿಯಲಿಲ್ಲ.

ಅವರ ಜನಾಝಾದ ದಿನ ಇನ್ನೊಂದು ನೋವು. ಹೊರಗೆ ಇಬ್ಬರು ಮೂವರು, ಇಂಥವರಿಗೆ ಜನಾಝಾ ನಮಾಝ್ ಇದೆಯೋ ಇಲ್ಲವೋ ಎಂದು ಗಟ್ಟಿಯಾಗಿಯೇ ಚರ್ಚೆ ಮಾಡಿದರು. ಮಯ್ಯತ್‌ನ ತಂದೆ ಅಲ್ಲೇ ನಿಂತಿದ್ದರು. ಇದರ ಬಗ್ಗೆ ಗೊಂದಲ ಬೇಡ. ಜೀವ ಅಲ್ಲಾಹನ ಅಮಾನತ್, ಅದನ್ನು ತಾನೇ ಕಳೆದುಕೊಳ್ಳುವುದು ಹರಾಮ್. ಇದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ವ್ಯಕ್ತಿ ಇಸ್ಲಾಮಿನಿಂದ ಹೊರಗೆ ಹೋಗುವುದಿಲ್ಲ. ಇಮಾಮ್ ಅಬೂ ಹನೀಫಾ ಮತ್ತು ಇಮಾಮ್ ಶಾಫಿಈ ಸಹಿತ ಬಹುತೇಕ ಫುಕಹಾಗಳ ಪ್ರಕಾರ ಅವನಿಗೆ ಗುಸ್ಲ್ ಇದೆ, ಕಫನ್ ಇದೆ, ಜನಾಝಾ ನಮಾಝ್ ಇದೆ, ಮುಸ್ಲಿಮರ ಖಬರಸ್ತಾನದಲ್ಲಿ ಜಾಗ ಇದೆ. ಪ್ರವಾದಿವರ್ಯರು(ಸ) ಒಬ್ಬನಿಗೆ ತಾವೇ ನಮಾಝ್ ಮಾಡಿಸಲಿಲ್ಲ ಎಂಬ ವರದಿ ಇದೆ. ಅದು ಬದುಕಿರುವವರನ್ನು ಎಚ್ಚರಿಸಲು, ನಮಾಝನ್ನೇ ನಿಷೇಧಿಸಲು ಅಲ್ಲ ಎಂದು ಉಲಮಾಗಳು ವಿವರಿಸಿದ್ದಾರೆ. ಇನ್ನು ಕಾಯಿಲೆಯಿಂದ ಮನಸ್ಸಿನ ಹಿಡಿತವೇ ತಪ್ಪಿದವನ ಲೆಕ್ಕ ಅಲ್ಲಾಹನಿಗೆ ಬಿಟ್ಟದ್ದು. ಹೆಗಲು ಕೊಡಲು ಬಂದವರು ಹೆಗಲು ಕೊಟ್ಟು, ದುಆ ಮಾಡಿ, ಬಾಯಿ ಮುಚ್ಚಿಕೊಂಡು ಬರಬೇಕು. ಆ ಮನೆಯಲ್ಲಿ ಮಕ್ಕಳಿದ್ದಾರೆ, ಅವರಿಗೆ ಕಿವಿ ಇದೆ.

ಇದು ನಮ್ಮ ಊರಿನ ಒಂದು ಮನೆಯ ಕಥೆ ಮಾತ್ರ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಕೃಷಿಯನ್ನು ನೆಚ್ಚಿಕೊಂಡ 11,290 ಜನ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 5,207 ಜನ ಬೇಸಾಯಗಾರರು, 6,083 ಜನ ಕೃಷಿ ಕೂಲಿಗಳು. ಮಹಾರಾಷ್ಟ್ರದ ನಂತರ ಹೆಚ್ಚು ಸಾವು ನಮ್ಮ ಕರ್ನಾಟಕದಲ್ಲಿ, 2,392. ರೈತರ ಆತ್ಮಹತ್ಯೆ ಎಂದಾಗ ನಮ್ಮ ಕಣ್ಣ ಮುಂದೆ ಜಮೀನುದಾರ ಬರುತ್ತಾನೆ. ಲೆಕ್ಕ ನೋಡಿದರೆ ಕೂಲಿಯವರೇ ಹೆಚ್ಚು. ನಮ್ಮ ಜನರಲ್ಲಿ ಪಹಣಿಯಲ್ಲಿ ಹೆಸರಿರುವವರು ಎಷ್ಟು ಮಂದಿ? ಹೆಚ್ಚಿನವರು ಲಾವಣಿಗೋ ಪಾಲಿಗೋ ಮಾಡುವವರು, ಇಲ್ಲವೇ ದಿನಗೂಲಿಗೆ ಹೋಗುವವರು. ಪಹಣಿ ಇಲ್ಲದವನಿಗೆ ಸೊಸೈಟಿಯ ಬೆಳೆ ಸಾಲ ಸುಲಭಕ್ಕೆ ಸಿಗುವುದಿಲ್ಲ. ಬೆಳೆ ಹೋದಾಗ ಪರಿಹಾರದ ಹಣ ಜಮೀನಿನ ಮಾಲೀಕರ ಖಾತೆಗೆ ಬೀಳುತ್ತದೆ. ಬೀಜ ಹಾಕಿದವನು ಇವನು, ಗೊಬ್ಬರದ ಅಂಗಡಿಯ ಉದ್ರಿ ಇವನದು, ಕಳೆದುಕೊಂಡವನೂ ಇವನೇ. ಕಾಗದದಲ್ಲಿ ಮಾತ್ರ ಇವನಿಲ್ಲ.

ಈಗ ಸಾಲದ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಇಲ್ಲಿ ಮಿಂಬರ್ ಮೇಲೆ ನಿಲ್ಲುವ ನಮ್ಮಂಥವರ ಪಾಲೂ ಇದೆ. ಆ ಸಹೋದರರು ತೀರಿಕೊಂಡ ಮೇಲೆ ನಾವು ಅವರ ಮನೆಗೆ ಹೋಗಿ ಕೂತಾಗ ಸಾಲ ಒಂದೊಂದಾಗಿ ಹೊರಬಂತು. ಗೊಬ್ಬರದ ಅಂಗಡಿ, ಕೈಗಡ, ಹೆಂಡತಿಯ ಬಂಗಾರ ಅಡವು, ಹೆಂಡತಿಯ ಹೆಸರಲ್ಲಿ ಎರಡು ಕಡೆ ವಾರದ ಕಂತಿನ ಸಂಘದ ಸಾಲ. ಅವರ ತಾಯಿ ಹೇಳಿದ ಮಾತು ಇದು: "ನಿಮ್ಮ ಮುಂದ ಹೇಳಾಕ ನಾಚಿಕಿ ಆಗಿತ್ರಿ ಹಝ್ರತ್. ಬಡ್ಡಿ ಸಾಲ ತಗೊಂಡೀನಿ ಅಂತ ಇಮಾಮರ ಮುಂದ ಹೆಂಗ ಹೇಳ್ಲಿ ಅಂತಿದ್ದ." ಬಡ್ಡಿ ಹರಾಮ್ ಎಂದು ನಾವು ವರ್ಷಕ್ಕೆ ನಾಲ್ಕು ಸಲ ಮಿಂಬರ್ ಮೇಲಿಂದ ಗುಡುಗಿದ್ದೇವೆ, ಅದು ಹರಾಮೇ. ಆದರೆ ಬಿತ್ತನೆಗೆ ಎಂಟು ದಿನ ಇರುವಾಗ ಬಡ್ಡಿ ಇಲ್ಲದ ಸಾಲ ಎಲ್ಲಿ ಸಿಗುತ್ತದೆ ಎಂದು ಒಂದು ಸಲವೂ ಹೇಳಿಲ್ಲ. ಬಾಗಿಲು ತೋರಿಸದೆ ಗೋಡೆ ಮಾತ್ರ ತೋರಿಸಿದ್ದೇವೆ. ಕೊನೆಗೆ ಆ ಮನುಷ್ಯ ಸಾಲದ ಹೊರೆಯ ಮೇಲೆ ಗುನಾಹ್‌ನ ನಾಚಿಕೆಯನ್ನೂ ಹೊತ್ತು, ಎರಡನ್ನೂ ಯಾರಿಗೂ ಹೇಳದೆ ತಿರುಗಾಡಿದ್ದ.

ಬಡ್ಡಿ ಇಲ್ಲದ ಬಾಗಿಲು ಒಂದು ಸರಕಾರದ್ದೇ ಇದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಮೂಲಕ ರಾಜ್ಯ ಸರಕಾರ ಅಲ್ಪಾವಧಿ ಬೆಳೆ ಸಾಲವನ್ನು ಶೂನ್ಯ ಬಡ್ಡಿಯಲ್ಲಿ ಕೊಡುತ್ತದೆ. 2023ರ ಬಜೆಟ್‌ನಲ್ಲಿ ಇದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಅವಧಿಯೊಳಗೆ ತೀರಿಸಬೇಕು. ಪಹಣಿ ಇರುವ ನಮ್ಮ ಜಮಾಅತ್‌ನವರಲ್ಲೇ ಹಲವರು ಸೊಸೈಟಿಯ ಸದಸ್ಯರಾಗಿಲ್ಲ, "ಅದು ನಮಗಲ್ಲ" ಎಂದುಕೊಂಡಿದ್ದಾರೆ. ಹೋಗಿ ಸದಸ್ಯತ್ವ ತೆಗೆದುಕೊಳ್ಳಿ. ಫಸಲ್ ಬಿಮಾಕ್ಕೂ ಹೀಗೆಯೇ. ಮುಂಗಾರಿನ ಆಹಾರ ಬೆಳೆಗೆ ರೈತನ ಪಾಲು ವಿಮಾ ಮೊತ್ತದ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ಹತ್ತಿಯಂಥ ವಾಣಿಜ್ಯ ಬೆಳೆಗೆ 5. ಆಲಿಕಲ್ಲು ಬಿದ್ದೋ ನೀರು ನಿಂತೋ ನಿಮ್ಮ ಹೊಲಕ್ಕಷ್ಟೇ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ಈ ಗಡುವು ಗೊತ್ತಿಲ್ಲದೆಯೇ ಎಷ್ಟೋ ಜನ ಪರಿಹಾರ ಕಳೆದುಕೊಳ್ಳುತ್ತಾರೆ.

ಇನ್ನೊಂದು ಬಾಗಿಲು ನಮ್ಮದೇ. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳನ್ನು ಸೂರಃ ತೌಬಾದಲ್ಲಿ ಹೇಳಲಾಗಿದೆ, ಅದರಲ್ಲಿ ಒಂದು ವರ್ಗ ಸಾಲಗಾರರದು. ರಮಝಾನಿನಲ್ಲಿ ನಾವು ರೇಷನ್ ಕಿಟ್ ಹಂಚುತ್ತೇವೆ, ಬಟ್ಟೆ ಹಂಚುತ್ತೇವೆ, ಒಳ್ಳೆಯದೇ. ಸಾಲಗಾರನ ಪಾಲನ್ನು ಮಾತ್ರ ಮರೆತುಬಿಟ್ಟಿದ್ದೇವೆ. ಒಬ್ಬ ಸಾಲಗಾರನ ಮಯ್ಯತ್ ಬಂದಾಗ ಪ್ರವಾದಿವರ್ಯರು(ಸ) ನಮಾಝ್ ಮಾಡಿಸಲು ಹಿಂಜರಿದರು, ಸಹಾಬಿ ಅಬೂ ಖತಾದಾ(ರ) ಆ ಸಾಲ ನನ್ನ ಮೇಲಿರಲಿ ಎಂದ ಮೇಲೆ ನಮಾಝ್ ನಡೆಯಿತು ಎಂಬ ಘಟನೆ ಮಕ್ಕಳಿಗೂ ಗೊತ್ತು. ನಾವು ಅದನ್ನು ಸಾಲ ಮಾಡಬೇಡಿ ಎಂದು ಹೆದರಿಸಲು ಹೇಳುತ್ತೇವೆ. ಸಾಲ ತನ್ನ ಮೇಲೆ ತೆಗೆದುಕೊಂಡ ಅಬೂ ಖತಾದಾ(ರ) ಕಡೆಗೆ ನಮ್ಮ ಗಮನ ಹೋಗುವುದೇ ಇಲ್ಲ.

ಎಲ್ಲ ಸಾಲಗಾರರೂ ಜೀವ ಕಳೆದುಕೊಳ್ಳುವುದಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ. ಸಾಲ, ಬೆಳೆ ನಷ್ಟ, ಮನೆಯ ಜಗಳ, ಕುಡಿತ, ಮಗಳ ಮದುವೆ, ಕಾಯಿಲೆ ಇವು ಒಂದರ ಮೇಲೊಂದು ಕೂರುತ್ತವೆ. ಅದರ ಮೇಲೆ ಖಿನ್ನತೆ ಎಂಬ ಕಾಯಿಲೆ ಬಂದು ಕೂತಾಗ ಮನುಷ್ಯನಿಗೆ ದಾರಿ ಇದ್ದರೂ ಕಾಣದಂತಾಗುತ್ತದೆ. ಖಿನ್ನತೆ ಎಂದರೆ ಬೇಸರ ಅಲ್ಲ, ಸೋಮಾರಿತನ ಅಲ್ಲ, ಈಮಾನಿನ ಕೊರತೆಯಂತೂ ಅಲ್ಲ. ಯೂಸುಫರ(ಅ) ಅಗಲಿಕೆಯಲ್ಲಿ ಅತ್ತು ಅತ್ತು ಯಅಕೂಬರ(ಅ) ಕಣ್ಣು ಮಂಜಾಯಿತು, ಅವರು ಪ್ರವಾದಿ. ದುಃಖ ಪಡುವವನಿಗೆ ತವಕ್ಕುಲ್ ಇಲ್ಲ ಎಂದು ಹೇಳುವವರು ಇದನ್ನು ಯೋಚಿಸಬೇಕು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಬಲ್ಖ್‌ನ ಅಬೂ ಝೈದ್ ಎಂಬ ವಿದ್ವಾಂಸರು ದೇಹದ ಆರೋಗ್ಯಕ್ಕೂ ಮನಸ್ಸಿನ ಆರೋಗ್ಯಕ್ಕೂ ಒಂದೇ ಗ್ರಂಥದಲ್ಲಿ ಬೇರೆ ಬೇರೆ ಭಾಗ ಬರೆದಿದ್ದರು. ಮನಸ್ಸಿಗೂ ಮದ್ದು ಬೇಕು ಎಂಬುದು ನಮಗೆ ಹೊಸ ಮಾತಲ್ಲ, ಮರೆತ ಮಾತು.

ನಮ್ಮ ಕಡೆಯ ಗಂಡಸರು ಬಂದು ನನಗೆ ಖಿನ್ನತೆ ಎನ್ನುವುದಿಲ್ಲ. ಎದೆ ಉರಿ, ತಲೆ ಭಾರ, ಮೈಕೈ ನೋವು, ಟೆನ್ಶನ್ ಎನ್ನುತ್ತಾರೆ. ಬೆಳಗಿನ ಜಾವ ಮೂರಕ್ಕೇ ಎಚ್ಚರಾಗಿ ಮತ್ತೆ ನಿದ್ದೆ ಹತ್ತುವುದಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ಇದೇ ನಡೆದರೆ, ಊಟ ಬಿಟ್ಟರೆ, ದಿನಾ ಹೋಗುವ ಹೊಲದ ಕಡೆ ಮುಖ ಹಾಕದಿದ್ದರೆ, ಫೋನ್ ಬಂದರೆ ತೆಗೆಯದಿದ್ದರೆ, ನಾನಿಲ್ಲದಿದ್ದರೆ ನಿಮಗೇ ಒಳ್ಳೆಯದು ಎಂಬಂಥ ಮಾತು ಬಂದರೆ, ಇದ್ದಕ್ಕಿದ್ದಂತೆ ತನ್ನ ವಸ್ತುಗಳನ್ನು ಹಂಚಲು, ಮಾಫ್ ಮಾಡಿ ಎಂದು ಎಲ್ಲರನ್ನೂ ಕೇಳಲು ತೊಡಗಿದರೆ ಸುಮ್ಮನಿರಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: "ಜೀವ ಕಳಕೊಳ್ಳೋ ವಿಚಾರ ಏನಾರ ಬಂದೈತೇನು?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಗುತ್ತದೆ ಎಂಬ ಹೆದರಿಕೆ ಬೇಡ, ಹಾಗೆ ಆಗುವುದಿಲ್ಲ ಎಂದು ವೈದ್ಯರು ಖಚಿತವಾಗಿ ಹೇಳುತ್ತಾರೆ. ಕೇಳಿದಾಗ ಹೆಚ್ಚಿನವರಿಗೆ ಎದೆಯ ಭಾರ ಇಳಿಯುತ್ತದೆ. ಹೌದು ಎಂದರೆ ಅವರನ್ನು ಒಬ್ಬರೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆಗ ಜಹನ್ನಮಿನ ಬಯಾನ್ ಕೊಡಬೇಡಿ. ಮುಳುಗುವವನಿಗೆ ಕೈ ಕೊಡಬೇಕು.

ಆಸ್ಪತ್ರೆ ಎಂದರೆ ಧಾರವಾಡ, ಬೆಂಗಳೂರು ಎಂದು ಹೆದರುವವರಿದ್ದಾರೆ. ಆ ಹೆದರಿಕೆಯನ್ನು ಕಳೆದ ಕೆಲಸ ಮೊದಲು ನಡೆದದ್ದೇ ನಮ್ಮ ನೆರೆಯಲ್ಲಿ, ತುಂಗಭದ್ರೆಯ ಆಚೆ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಎಲ್ಲ ಊರಿಗೂ ಮನೋವೈದ್ಯರನ್ನು ಕಳಿಸುವುದು ಆಗದ ಕೆಲಸ. ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸುವುದನ್ನು, ಮಾತ್ರೆ ಕೊಡುವುದನ್ನು, ಯಾರನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂಬುದನ್ನು ಕಲಿಸಿದರು. ಇದಕ್ಕೆ ಬಳ್ಳಾರಿ ಮಾದರಿ ಎಂದೇ ಹೆಸರಾಯಿತು. ಅದನ್ನು ನೋಡಿಯೇ 1996ರಲ್ಲಿ ಕೇಂದ್ರ ಸರಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು, ಮೊದಲು ನಾಲ್ಕು ಜಿಲ್ಲೆಗಳಲ್ಲಿ. ಈಗ ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿರುವ ಮಾನಸಿಕ ಆರೋಗ್ಯ ವಿಭಾಗ ಅದರದೇ ಕೊಂಬೆ. ಮನೋಚೈತನ್ಯ ಎಂಬ ಹೆಸರಿನಲ್ಲಿ ತಾಲೂಕು ಆಸ್ಪತ್ರೆಗೂ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಮಾಡಿದ್ದಾರೆ. ಹೋಗುವ ಮುಂಚೆ ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಕೇಳಿಕೊಂಡು ಹೋಗಿ, ಡಾಕ್ಟರು ರಜೆ ಇದ್ದರೆ ಬಂದವನು ಮತ್ತೆ ಬರುವುದಿಲ್ಲ.

ಎರಡನೆಯದು ವಿದರ್ಭದ್ದು. ಹತ್ತಿ ಬೆಳೆಗಾರರ ಸಾವಿನಿಂದ ಹೆಸರು ಕೆಡಿಸಿಕೊಂಡ ಆ ಸೀಮೆಯ ಅಮರಾವತಿ ಜಿಲ್ಲೆಯ 30 ಹಳ್ಳಿಗಳಲ್ಲಿ ವಿಶ್ರಾಮ್ ಎಂಬ ಕಾರ್ಯಕ್ರಮ ನಡೆಯಿತು. ಹಳ್ಳಿಯವರನ್ನೇ ಆರಿಸಿ ಆರೋಗ್ಯ ಕಾರ್ಯಕರ್ತರನ್ನಾಗಿ ತರಬೇತಿ ಕೊಟ್ಟರು. ಅವರು ಸಣ್ಣ ಗುಂಪು ಕೂಡಿಸಿ ಮಾತನಾಡುವುದು, ಮನೆಗೆ ಹೋಗಿ ವಿಚಾರಿಸುವುದು. ಅವರ ಮೇಲೆ ಸಲಹೆಗಾರರು, ಅದಕ್ಕೂ ಮೇಲೆ ಹಳ್ಳಿಗೇ ಬರುವ ಮನೋವೈದ್ಯರು. ಶುರುವಿನಲ್ಲಿ ಖಿನ್ನತೆ ಇದ್ದ ನೂರು ಜನರಲ್ಲಿ ನಾಲ್ಕೈದು ಮಂದಿ ಮಾತ್ರ ಚಿಕಿತ್ಸೆಗೆ ಹೋಗುತ್ತಿದ್ದರು. ಹದಿನೆಂಟು ತಿಂಗಳ ನಂತರ ನೋಡಿದಾಗ ಅದು 27 ಆಗಿತ್ತು. 2017ರಲ್ಲಿ ಈ ಲೆಕ್ಕ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಇನ್ನೂ 73 ಜನ ಹೊರಗೇ ಇದ್ದಾರಲ್ಲ ಎನ್ನಬಹುದು. ಆದರೆ ದೊಡ್ಡ ಆಸ್ಪತ್ರೆ ಕಟ್ಟಿಸದೆ, ಊರಿನ ಜನರೇ ಊರಿನ ಜನರ ಜೊತೆ ಕೂತು ಆರು ಪಟ್ಟು ಹೆಚ್ಚು ಮಂದಿಯನ್ನು ವೈದ್ಯರವರೆಗೆ ತಲುಪಿಸಿದರು. ಆಫ್ರಿಕಾದ ಝಿಂಬಾಬ್ವೆಯಲ್ಲಿ 2006ರಲ್ಲಿ ಡಾ. ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು ಹದಿನಾಲ್ಕು ಅಜ್ಜಿಯರಿಗೆ ತರಬೇತಿ ಕೊಟ್ಟು ಆರೋಗ್ಯ ಕೇಂದ್ರದ ಹೊರಗಿನ ಬೆಂಚಿನ ಮೇಲೆ ಕೂರಿಸಿ ಇಂಥದ್ದೇ ಕೆಲಸ ಶುರು ಮಾಡಿದ್ದರು. ನಮ್ಮಲ್ಲಿ ಅಜ್ಜಿಯರಿಗೂ ಕಡಿಮೆ ಇಲ್ಲ, ಕಟ್ಟೆಗಳಿಗೂ ಕಡಿಮೆ ಇಲ್ಲ.

ಮೂರನೆಯದು ಹೇಳಲು ಸ್ವಲ್ಪ ಕಷ್ಟದ ವಿಷಯ, ಆದರೆ ಜೀವ ಉಳಿಸುವಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿ ಎಂದು ನಮಗೆ ಅನಿಸುತ್ತದೆ. ಬೆಳೆಗೆ ಹೊಡೆಯುವ ವಿಷವನ್ನು ನಮ್ಮ ಕಡೆ ಎಣ್ಣಿ ಎಂದು ಕರೆಯುತ್ತೇವೆ. ಅಡಿಗೆ ಎಣ್ಣೆಯ ಹೆಸರೇ ಅದಕ್ಕೂ, ಇಡುವ ಜಾಗವೂ ಅಷ್ಟೇ ಸಲೀಸು. ತೀರಾ ಕತ್ತಲಾಗುವ ಆ ಗಳಿಗೆ ಅನೇಕರಿಗೆ ಬಹಳ ಹೊತ್ತು ಇರುವುದಿಲ್ಲ. ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಗಳಿಗೆ ದಾಟಿ ಹೋಗುತ್ತದೆ, ದಾಟಿದವರಲ್ಲಿ ಹೆಚ್ಚಿನವರು ಬದುಕುತ್ತಾರೆ. ಶ್ರೀಲಂಕಾ 1995ರ ಹೊತ್ತಿಗೆ ಅತಿ ವಿಷಕಾರಿ ಕೀಟನಾಶಕಗಳನ್ನು, 1998ರಲ್ಲಿ ಎಂಡೋಸಲ್ಫಾನನ್ನು ನಿಷೇಧಿಸಿತು. ಹತ್ತು ವರ್ಷದೊಳಗೆ ಆ ದೇಶದ ಆತ್ಮಹತ್ಯೆ ಪ್ರಮಾಣ ಅರ್ಧಕ್ಕೆ ಇಳಿಯಿತು, ಭತ್ತದ ಇಳುವರಿ ಇಳಿಯಲಿಲ್ಲ. ಅದೇ ದೇಶದಲ್ಲಿ ಮುಂದೆ ಮನೆಮನೆಗೂ ಬೀಗದ ಪೆಟ್ಟಿಗೆ ಕೊಟ್ಟು ನೋಡಿದರು. ಅದರಿಂದ ಹೇಳುವಂಥ ಉಪಯೋಗ ಕಾಣಲಿಲ್ಲ. ಬೀಗದ ಕೈ ಮನೆಯಲ್ಲೇ ಇದ್ದರೆ ಏನು ಪ್ರಯೋಜನ? ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಚೆನ್ನೈನ ಸ್ನೇಹಾ ಸಂಸ್ಥೆಯ ಡಾ. ಲಕ್ಷ್ಮೀ ವಿಜಯಕುಮಾರ್ ಮತ್ತವರ ಜೊತೆಯವರು ಬೇರೆ ದಾರಿ ಹಿಡಿದರು. ಎರಡು ಹಳ್ಳಿಗಳಲ್ಲಿ ಊರಿಗೆಲ್ಲ ಒಂದೇ ಉಗ್ರಾಣ, ಅದರೊಳಗೆ ಒಬ್ಬೊಬ್ಬ ರೈತನಿಗೆ ಒಂದೊಂದು ಪೆಟ್ಟಿಗೆ, ನೋಡಿಕೊಳ್ಳಲು ಜನ. ಬೇಕಾದಾಗ ಹೋಗಿ ತರುವುದು, ಉಳಿದದ್ದನ್ನು ಮತ್ತೆ ಅಲ್ಲೇ ಇಡುವುದು. ರೈತರು ಒಪ್ಪಿ ಬಳಸಿದರು, ಆ ಊರುಗಳಲ್ಲಿ ಸಾವು ಕಡಿಮೆಯಾಯಿತು. ಸಣ್ಣ ಪ್ರಯೋಗ ಅದು. ಆದರೂ ನಮ್ಮ ಕೈಗೆ ಎಟಕುವಂಥದ್ದು.

ಇದನ್ನೆಲ್ಲ ಓದಿ, ಕೇಳಿ ತಿಳಿದುಕೊಂಡ ಮೇಲೆ ನಮ್ಮ ಜಮಾಅತ್ ಕಮಿಟಿಯಲ್ಲಿ ಮಾತಾಯಿತು. ಸುಲಭಕ್ಕೆ ಆಗಲಿಲ್ಲ. ಮಸೀದಿಗೂ ಇದಕ್ಕೂ ಏನು ಸಂಬಂಧ ಎಂದರು ಹಿರಿಯರೊಬ್ಬರು. ಊರಲ್ಲಿ ಮನುಷ್ಯ ದಿನಕ್ಕೆ ಐದು ಸಲ ಬರುವ, ಬರದಿದ್ದರೆ ಗೊತ್ತಾಗುವ ಜಾಗ ಇನ್ನಾವುದಿದೆ ಎಂದು ನಾವು ಕೇಳಿದೆವು. ಅವರು ಆ ದಿನ ಒಪ್ಪಲಿಲ್ಲ, ಮುಂದಿನ ತಿಂಗಳು ಒಪ್ಪಿದರು.

ಈಗ ನಡೆಯುತ್ತಿರುವುದು ಇಷ್ಟು. ಐದು ಜನರನ್ನು ಆರಿಸಿದ್ದೇವೆ: ನಮ್ಮ ಮುಅಝ್ಝಿನ್, ಒಬ್ಬ ನಿವೃತ್ತ ಮಾಸ್ತರರು, ಟ್ರ್ಯಾಕ್ಟರ್ ಬಾಡಿಗೆಗೆ ಓಡಿಸುವ ಒಬ್ಬ ಹುಡುಗ, ಇಬ್ಬರು ರೈತರು. ತಾಲೂಕು ಆಸ್ಪತ್ರೆಯ ಸಲಹೆಗಾರರು ಎರಡು ಭಾನುವಾರ ಬಂದು ಇವರಿಗೆ ಹೇಗೆ ಕೇಳಬೇಕು, ಹೇಗೆ ಸುಮ್ಮನಿರಬೇಕು ಎಂದು ಕಲಿಸಿದರು. ಸುಮ್ಮನಿರುವುದು ಎಲ್ಲಕ್ಕಿಂತ ಕಷ್ಟವಾದದ್ದು ನಮಗೇ, ಉಪದೇಶ ಮಾಡಿ ಅಭ್ಯಾಸ. ಮೂರು ಜುಮಾ ಕಾಣದ ರೈತರ ಮನೆಗೆ ಈ ಐವರಲ್ಲಿ ಒಬ್ಬರು ಹೋಗುತ್ತಾರೆ. ನಮಾಝಿಗೆ ಯಾಕೆ ಬರಲಿಲ್ಲ ಎಂದು ಕೇಳಕೂಡದು ಎಂಬುದು ಕರಾರು. ಚಹಾ ಕುಡಿದು, ಬೆಳೆ ಹೇಗಿದೆ, ನೀವು ಹೇಗಿದ್ದೀರಿ ಎಂದು ಕೇಳಿ ಬರಬೇಕು. ಕೇಳಿದ್ದು ಐವರ ಆಚೆ ಹೋಗಬಾರದು. ಹೆಂಗಸರ ಕಡೆ ಗುರುವಾರದ ತಾಲೀಮ್‌ನಲ್ಲಿ ಆಲಿಮಾ ಆಪಾ ಮತ್ತು ಆಶಾ ಕಾರ್ಯಕರ್ತೆ ಕೂರುತ್ತಾರೆ. ನಿಜ ಹೇಳಬೇಕೆಂದರೆ ಗಂಡಸರ ಸಂಕಟವೂ ಹೆಚ್ಚಾಗಿ ಅಲ್ಲಿಂದಲೇ ನಮಗೆ ತಿಳಿಯುತ್ತಿದೆ. ವಾರದ ಕಂತಿನವರು ಬಾಗಿಲಿಗೆ ಬಂದು ಕೂರುವುದು ಆ ಹೆಂಗಸರ ಮುಂದೆಯೇ. ಅಂದ ಹಾಗೆ, ಮನೆಗೆ ಬಂದು ಬೆದರಿಸಿ, ಅವಮಾನ ಮಾಡಿ ವಸೂಲಿ ಮಾಡುವುದರ ವಿರುದ್ಧ 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾನೂನಾಯಿತು. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಸಾಲ ತೀರಿಸಬೇಕು, ಅದು ಬೇರೆ ಮಾತು. ಮರ್ಯಾದೆ ಕಳೆಯುವ ಹಕ್ಕು ಯಾರಿಗೂ ಇಲ್ಲ.

ಬೈತುಲ್ ಮಾಲ್‌ನಲ್ಲಿ ಸಾಲಗಾರರ ಖಾತೆ ಎಂದು ಬೇರೆ ತೆಗೆದಿದ್ದೇವೆ. ಅದರ ಹಣ ದೊಡ್ಡದಲ್ಲ. ಅದಕ್ಕಿಂತ ಹೆಚ್ಚು ಉಪಯೋಗವಾದದ್ದು ಮಾಸ್ತರರ ನೋಟ್‌ಬುಕ್. ಸಾಲಗಾರನನ್ನು ಕೂರಿಸಿಕೊಂಡು ಯಾರಿಗೆ ಎಷ್ಟು, ಯಾವುದು ಮೊದಲು, ಯಾವುದಕ್ಕೆ ಕಾಲ ಕೇಳಬಹುದು ಎಂದು ಬರೆಯುತ್ತಾರೆ. ನಂತರ ಇಬ್ಬರು ಅವನ ಜೊತೆ ಗೊಬ್ಬರದ ಅಂಗಡಿಗೆ ಹೋಗಿ ಮಾತನಾಡುತ್ತಾರೆ. ಒಬ್ಬನೇ ಹೋದಾಗ ಬೈಸಿಕೊಂಡು ಬರುತ್ತಿದ್ದವನಿಗೆ ಸುಗ್ಗಿಯವರೆಗೆ ಗಡುವು ಸಿಕ್ಕಿದ್ದುಂಟು. ತಲೆಯಲ್ಲಿ ಬೆಟ್ಟದಷ್ಟಿದ್ದ ಸಾಲ ಕಾಗದದ ಮೇಲೆ ಒಂದು ಪುಟ ಎಂದು ಒಬ್ಬರು ನಕ್ಕರು. ಅವರು ನಕ್ಕಿದ್ದನ್ನು ನಾವು ಬಹಳ ದಿನದ ಮೇಲೆ ನೋಡಿದ್ದು.

ಅವರ ವಿಚಾರ ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇವೆ. ಕಳೆದ ವರ್ಷ ಅವರ ಮನೆಯವರೇ ಆಪಾ ಹತ್ತಿರ ಹೇಳಿದ್ದು, ಅವರು ರಾತ್ರಿಯೆಲ್ಲ ಅಂಗಳದಲ್ಲಿ ತಿರುಗಾಡುತ್ತಾರೆ ಎಂದು. ಟ್ರ್ಯಾಕ್ಟರ್ ಹುಡುಗ ಅವರನ್ನು ಮಂಗಳವಾರ ಆಸ್ಪತ್ರೆಗೆ ಕರೆದುಕೊಂಡು ಹೋದ, ನಾವೂ ಜೊತೆಗಿದ್ದೆವು. ಡಾಕ್ಟರು ಮಾತ್ರೆ ಕೊಟ್ಟು ಹೇಳಿದ್ದನ್ನು ಎಲ್ಲರೂ ತಿಳಿದಿರಲಿ: ಈ ಮಾತ್ರೆ ನೋವಿನ ಗುಳಿಗೆಯ ಹಾಗೆ ತಕ್ಷಣ ಕೆಲಸ ಮಾಡುವುದಿಲ್ಲ, ಎರಡರಿಂದ ನಾಲ್ಕು ವಾರ ಬೇಕು. ಚಟ ಹಿಡಿಯುವ ಮಾತ್ರೆ ಅಲ್ಲ. ಆರಾಮಾಯಿತು ಎಂದು ತಾನೇ ನಿಲ್ಲಿಸಬಾರದು, ಆರಾಮಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕಾಗುತ್ತದೆ. ರಮಝಾನ್ ಬಂದಾಗ ಮಾತ್ರೆಯ ಹೊತ್ತನ್ನು ಡಾಕ್ಟರನ್ನು ಕೇಳಿಯೇ ಬದಲಿಸಬೇಕು. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇದೆ, ಮನಸ್ಸಿನ ರೋಗಿಯೂ ರೋಗಿಯೇ. ರಾತ್ರಿ ಹೊತ್ತು, ಆಸ್ಪತ್ರೆ ಮುಚ್ಚಿದಾಗ 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ ಮನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ದಿನದ 24 ಗಂಟೆ, ಹಣ ಇಲ್ಲ, ಕನ್ನಡದಲ್ಲೇ ಮಾತನಾಡಬಹುದು. ಪೊಲೀಸ್ ಕೇಸಿನ ಹೆದರಿಕೆಯಿಂದ ಆಸ್ಪತ್ರೆಗೆ ಕರೆತರದೆ ಮುಚ್ಚಿಡುವವರಿಗೂ ಒಂದು ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವನನ್ನು ತೀವ್ರ ಒತ್ತಡದಲ್ಲಿದ್ದವನೆಂದು ನೋಡಬೇಕು, ಶಿಕ್ಷಿಸಬಾರದು. ಅವನ ಆರೈಕೆ ಸರಕಾರದ ಹೊಣೆ. ಮೊದಲು ಜೀವ ಉಳಿಸಿಕೊಳ್ಳಿ.

ಹೋದವರ ಮನೆಯ ಬಗ್ಗೆಯೂ ಹೇಳಬೇಕು. ಸಾಲದಿಂದ ಆತ್ಮಹತ್ಯೆ ಮಾಡಿಕೊಂಡ ರೈತನ ಕುಟುಂಬಕ್ಕೆ ರಾಜ್ಯ ಸರಕಾರ 5 ಲಕ್ಷ ರೂಪಾಯಿ ಪರಿಹಾರ, ಪತ್ನಿಗೆ ತಿಂಗಳಿಗೆ 2,000 ರೂಪಾಯಿ ಪಿಂಚಣಿ ಇಟ್ಟಿದೆ. ನಮ್ಮಲ್ಲಿ ಮರ್ಯಾದೆಗೆ ಅಂಜಿ ಹಾರ್ಟ್ ಅಟ್ಯಾಕ್ ಎಂದು ಹೇಳಿ, ಪೋಸ್ಟ್‌ಮಾರ್ಟಮ್ ತಪ್ಪಿಸಿ, ಅಸರ್‌ಗೆ ಮುಂಚೆ ದಫನ್ ಮಾಡಿಬಿಡುತ್ತಾರೆ. ಮುಂದೆ ಪೊಲೀಸ್ ದೂರಿನ ಪ್ರತಿ, ಮರಣೋತ್ತರ ವರದಿ ಇಲ್ಲದೆ ಆ ವಿಧವೆಯ ಅರ್ಜಿ ಮೇಲೇಳುವುದೇ ಇಲ್ಲ. ದಫನ್ ಬೇಗ ಆಗಬೇಕು ಎಂಬುದು ಸರಿ. ಅನಿವಾರ್ಯ ಕಾರಣಕ್ಕೆ ಕೆಲವು ಗಂಟೆ ತಡವಾದರೆ ದೋಷವಿಲ್ಲ. ಪತ್ನಿ ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲಿರುವಾಗ ತಹಶೀಲ್ದಾರ್ ಕಚೇರಿಗೆ ಓಡಾಡುವವರು ಯಾರು? ಸಹಿಗೆ ಅವಳೇ ಬೇಕೆಂದರೆ ಅಗತ್ಯಕ್ಕೆ ಹಗಲಲ್ಲಿ ಹೋಗಿಬರಲು ಅನುಮತಿ ಇದೆ. ಉಳಿದ ಓಡಾಟ ಜಮಾಅತ್‌ನವರದು. ನಾವು ಮೊದಲು ಹೇಳಿದೆವಲ್ಲ, ಆ ಸಹೋದರರ ಮನೆಗೆ ಪರಿಹಾರ ಸಿಗಲಿಲ್ಲ. ಜಮೀನು ಅವರ ಹೆಸರಲ್ಲಿರಲಿಲ್ಲ, ಸಾಲಕ್ಕೆ ಕಾಗದ ಇರಲಿಲ್ಲ. ಅವರ ಹಿರಿಯ ಮಗ ಈಗ ಮದ್ರಸಾದಲ್ಲಿ ನಮ್ಮ ಹತ್ತಿರವೇ ಓದುತ್ತಾನೆ, ಶಾಲೆಗೂ ಹೋಗುತ್ತಾನೆ. ಫೀಸು, ಪುಸ್ತಕ ಬೈತುಲ್ ಮಾಲ್ ನೋಡಿಕೊಳ್ಳುತ್ತಿದೆ.

ಎಣ್ಣಿಯ ಉಗ್ರಾಣದ ಕೆಲಸ ಅರ್ಧಕ್ಕೆ ನಿಂತಿದೆ. ಇದು ನಮ್ಮ ಜಮಾಅತ್‌ನಿಂದಷ್ಟೇ ಆಗುವುದಲ್ಲ, ಇಡೀ ಊರು ಸೇರಬೇಕು. ಕಳೆದ ವಾರ ಬಸವೇಶ್ವರ ಗುಡಿಯ ಕಮಿಟಿಯವರ ಜೊತೆ, ಗ್ರಾಮ ಪಂಚಾಯಿತಿಯವರ ಜೊತೆ ಕೂತು ಮಾತನಾಡಿದೆವು. ಗುಡಿಯ ಹಿರಿಯರು, ತಮ್ಮಲ್ಲೂ ಹೋದ ವರ್ಷ ಒಂದು ಮನೆ ಹೀಗಾಯಿತು ಎಂದು ಹೇಳಿ ಬಹಳ ಹೊತ್ತು ಸುಮ್ಮನೆ ಕೂತರು. ಪಂಚಾಯಿತಿಯ ಹಳೆಯ ಗೋದಾಮಿನ ಒಂದು ಕೋಣೆ ಖಾಲಿ ಇದೆ. ಕಿಟಕಿಗೆ ಜಾಳಿಗೆ ಹಾಕಿಸಬೇಕು, ಐವತ್ತು ಪೆಟ್ಟಿಗೆ ಮಾಡಿಸಬೇಕು. ಕಬ್ಬಿಣದ ಕೆಲಸ ಬಲ್ಲ ನಮ್ಮ ಹುಡುಗರು ಈ ಭಾನುವಾರ ಝುಹರ್ ಆದ ಮೇಲೆ ಅಳತೆ ತೆಗೆಯಲು ಹೋಗುತ್ತಿದ್ದಾರೆ. ಕೈ ಕೊಡುವವರು ಬನ್ನಿ, ಟೇಪು ನಮ್ಮ ಹತ್ತಿರ ಇದೆ.